ರಾಜಬೀದಿಯ ತುದಿಯಲ್ಲೊಂದು ಗಾಯದ ಕಮಾನು

ಪವಿತ್ರ ಗ್ರಂಥದಲ್ಲಿ ಹೆಸರು ಹಿಡಿದು ಹೇಳಲಾದ ಬೀದಿಗಳು ಬಹಳ ಇಲ್ಲ. ಇರುವವುಗಳಲ್ಲಿ ಒಂದು ನಮಗೆಲ್ಲರಿಗೂ ಪರಿಚಿತವಾದುದು. ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದಲ್ಲಿ, ಕಣ್ಣು ಕಾಣದೆ ಪ್ರಾರ್ಥನೆಯಲ್ಲಿ ಕುಳಿತಿದ್ದ ಸೌಲನನ್ನು ಹುಡುಕಿಕೊಂಡು ಹೋಗುವಂತೆ ಪ್ರಭು ಅನನೀಯನಿಗೆ ಅಪ್ಪಣೆ ಕೊಡುವಾಗ ದಮಸ್ಕಸ್ಸಿನ 'ನೆಟ್ಟನೆ ಬೀದಿ'ಯ ವಿಳಾಸವನ್ನೇ ಹೇಳುತ್ತಾರೆ. ಗ್ರೀಕರ ಹಾಗೂ ರೋಮನರ ನಗರಗಳಲ್ಲಿ ವಾಡಿಕೆಯಿದ್ದಂತೆ ಊರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸೀಳಿಕೊಂಡು ಹೋಗುತ್ತಿದ್ದ, ಎರಡೂ ಬದಿಗೆ ಕಂಬಗಳ ಸಾಲಿದ್ದ ರಾಜಬೀದಿ ಅದು. ಚಕ್ರಾಧಿಪತ್ಯದ ವೈಭವವನ್ನು ಸಾರಿದ ಆ ಬೀದಿಯ ಕಂಬಗಳ ಲೆಕ್ಕ ಇಂದು ಯಾರಿಗೂ ಬೇಡ. ಅಲ್ಲಿನ ಒಂದು ಮನೆಯೊಳಗೆ ಒಬ್ಬ ಮನುಷ್ಯನಿಗೆ ಕಣ್ಣು ಬಂದಿತು ಎಂಬ ಕಾರಣಕ್ಕೆ ಅದು ಎರಡು ಸಾವಿರ ವರ್ಷಗಳಿಂದ ನಮ್ಮ ನೆನಪಿನಲ್ಲಿ ಉಳಿದಿದೆ.

ಬೀದಿಯನ್ನು ಕಟ್ಟಿದವರು ಅದಕ್ಕೊಂದು ಅರ್ಥವನ್ನು ಕೊಡುತ್ತಾರೆ. ಅದರ ಮೇಲೆ ನಡೆದವರು ಮತ್ತೊಂದು ಅರ್ಥವನ್ನು ಕೊಟ್ಟು ಹೋಗುತ್ತಾರೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ನೊಂದು ನೆಟ್ಟನೆ ಬೀದಿಗೆ ನಿಮ್ಮನ್ನು ಕರೆದೊಯ್ಯಬೇಕೆಂದಿದ್ದೇನೆ. ಅದು ಜರ್ಮನಿಯ ದಕ್ಷಿಣ ಭಾಗದಲ್ಲಿರುವ ಬವೇರಿಯಾದ ರಾಜಧಾನಿ ಮ್ಯೂನಿಕ್ ನಗರದ ಲುಡ್ವಿಗ್‌ಸ್ಟ್ರಾಸೆ, ಅಂದರೆ ಲುಡ್ವಿಗ್ ಬೀದಿ. ಉದ್ದ ಸುಮಾರು ಒಂದು ಕಿಲೋಮೀಟರು. ನಿಧಾನವಾಗಿ ನಡೆದರೂ ಕಾಲು ಗಂಟೆಯ ದಾರಿ. ಆದರೆ ಆ ಕಾಲು ಗಂಟೆಯಲ್ಲಿ ಒಬ್ಬ ಅರಸನ ಕನಸು, ಒಂದು ನಾಡಿನ ಪತನ, ಕೆಲವು ಯುವಜನರ ಸಾಕ್ಷಿಮರಣ ಇವೆಲ್ಲವೂ ನಮ್ಮನ್ನು ಎದುರುಗೊಳ್ಳುತ್ತವೆ.

ಅರಸನ ಕನಸು

ಮ್ಯೂನಿಕ್ ಎಂಬ ಹೆಸರಿನ ಮೂಲದಲ್ಲಿರುವುದು ಸನ್ಯಾಸಿಗಳು. ಮಠವಾಸಿಗಳ ನೆಲೆ ಎಂಬ ಅರ್ಥದಿಂದ ಬಂದ ಈ ಊರಿನ ಲಾಂಛನದಲ್ಲಿ ಇಂದಿಗೂ ಒಬ್ಬ ಸನ್ಯಾಸಿಯ ಚಿತ್ರವಿದೆ. 1806ರಲ್ಲಿ ನೆಪೋಲಿಯನ್ನನ ಕೃಪೆಯಿಂದ ಬವೇರಿಯಾ ಒಂದು ರಾಜ್ಯವೆನಿಸಿಕೊಂಡಾಗ ಅದರ ರಾಜಧಾನಿಯಾದ ಮ್ಯೂನಿಕ್ ಇನ್ನೂ ಹಳೆಯ ಕೋಟೆಗೋಡೆಯ ಗುಂಗಿನಲ್ಲೇ ಇದ್ದ ಮಧ್ಯಮ ಗಾತ್ರದ ಊರು. ಯುವರಾಜ ಲುಡ್ವಿಗ್‌ಗೆ ಇದು ಸಾಲದಾಯಿತು. 1786ರಲ್ಲಿ ಹುಟ್ಟಿದ ಆತ ಇಟಲಿಯನ್ನು ಕಂಡು ಮನಸೋತವನು. ಗ್ರೀಕ್ ಮತ್ತು ರೋಮನ್ ಶಿಲ್ಪಗಳನ್ನು ಸಂಗ್ರಹಿಸಲು ಹಣವನ್ನು ನೀರಿನಂತೆ ಚೆಲ್ಲಿದವನು. ತನ್ನ ಊರನ್ನು ರೋಮ್, ಫ್ಲಾರೆನ್ಸ್ ನಗರಗಳ ಸಾಲಿನಲ್ಲಿ ನಿಲ್ಲಿಸಬೇಕೆಂಬುದೇ ಅವನ ಹಂಬಲವಾಗಿತ್ತು.

ಆ ಕಾಲದ ಯುರೋಪಿನಲ್ಲಿ ಇಂತಹ ಹಂಬಲ ಅವನೊಬ್ಬನದೇ ಆಗಿರಲಿಲ್ಲ. ಬರೋಕ್ ಕಾಲದ ಬಳುಕು, ಬಂಗಾರದ ಲೇಪ, ತುಂಬಿ ತುಳುಕುವ ಅಲಂಕಾರ ಇವುಗಳಿಂದ ಬೇಸತ್ತ ಜನ ಪ್ರಾಚೀನ ಗ್ರೀಸ್ ಮತ್ತು ರೋಮಿನ ಸರಳ ರೇಖೆ, ಸಮಪ್ರಮಾಣ, ಗಂಭೀರವಾದ ಕಂಬ, ಕಮಾನುಗಳತ್ತ ಮರಳಿದ್ದರು. ಇದನ್ನೇ ನವ ಅಭಿಜಾತ ಶೈಲಿ ಎನ್ನುತ್ತಾರೆ. ಒಂದೊಂದು ಕಟ್ಟಡವೂ ತನ್ನಷ್ಟಕ್ಕೆ ಚೆಂದವಾಗಿದ್ದರೆ ಸಾಲದು, ಇಡೀ ಬೀದಿ ಒಂದೇ ಕೃತಿಯಂತೆ ಕಾಣಬೇಕೆಂಬುದು ಈ ಶೈಲಿಯ ರಾಜಬೀದಿಗಳ ಹಿಂದಿನ ತತ್ವ. ಕಟ್ಟಡಗಳ ಎತ್ತರ ಒಂದೇ ಸಮನಾಗಿರಬೇಕು. ಕಿಟಕಿಗಳ ಸಾಲು ಒಂದೇ ತಾಳದಲ್ಲಿ ಸಾಗಬೇಕು. ನೋಟ ಎಲ್ಲಿಯೂ ತಡವರಿಸದೆ ತುದಿಯಲ್ಲಿರುವ ಸ್ಮಾರಕವನ್ನು ಮುಟ್ಟಬೇಕು.

1816ರಲ್ಲಿ ಲಿಯೊ ಫಾನ್ ಕ್ಲೆನ್ಸೆ ಎಂಬ ವಾಸ್ತುಶಿಲ್ಪಿ ಲುಡ್ವಿಗ್‌ನ ಆಶ್ರಯಕ್ಕೆ ಬಂದರು. ಮರುವರ್ಷವೇ ಉತ್ತರ ದಿಕ್ಕಿನ ಹಳೆಯ ಊರಬಾಗಿಲನ್ನು ಕೆಡವಲಾಯಿತು. ಬಾಗಿಲಿನಾಚೆ ಇದ್ದದ್ದು ಹೊಲ, ತೋಟಗಳು. ಅವುಗಳ ನಡುವೆ ಬೀದಿಯ ನಕ್ಷೆ ಮೂಡಿತು. ಯುವರಾಜನಾಗಿದ್ದಾಗ ಆರಂಭಿಸಿದ ಈ ಕೆಲಸವನ್ನು 1825ರಲ್ಲಿ ಸಿಂಹಾಸನವೇರಿದ ಮೇಲೂ ಒಂದನೆಯ ಲುಡ್ವಿಗ್ ಬಿಡಲಿಲ್ಲ. ನಿವೇಶನಗಳನ್ನು ಕೊಂಡು ಮನೆ ಕಟ್ಟಲು ಊರಿನ ಸಿರಿವಂತರು ಅಷ್ಟಾಗಿ ಮುಂದೆ ಬರಲಿಲ್ಲ. ಊರ ಹೊರಗಿನ ಹೊಲದಲ್ಲಿ ಅರಮನೆಯಂತಹ ಮನೆ ಯಾರಿಗೆ ಬೇಕು? ಹಾಗಾಗಿ ಬೀದಿಯ ಉತ್ತರಾರ್ಧವನ್ನು ಅರಸನು ಸಂಸ್ಥೆಗಳಿಂದಲೇ ತುಂಬಿಸಿದ. ಗ್ರಂಥಾಲಯ, ದೇವಾಲಯ, ವಿಶ್ವವಿದ್ಯಾಲಯ, ಗುರುಮಠ, ಅಂಧರ ಶಾಲೆ, ಉಪ್ಪಿನ ಗಣಿಗಳ ಆಡಳಿತ ಕಚೇರಿ ಹೀಗೆ ಒಂದೊಂದಾಗಿ ಬಂದು ಸಾಲಿನಲ್ಲಿ ನಿಂತವು. ಅಂಗಡಿಗಳ ಗದ್ದಲವಿಲ್ಲದ, ನೆರಳಿಗೊಂದು ಮರವಿಲ್ಲದ ಈ ಬೀದಿಯನ್ನು ಕಂಡು ಸಮಕಾಲೀನರು ಬಣಗುಡುವ ಬೀದಿಯೆಂದು ಗೇಲಿ ಮಾಡಿದ್ದೂ ಉಂಟು.

ದಕ್ಷಿಣದಿಂದ ಉತ್ತರಕ್ಕೆ

ಬನ್ನಿ, ದಕ್ಷಿಣದ ತುದಿಯಿಂದ ನಡೆಯುತ್ತಾ ಹೋಗೋಣ. ಬೆನ್ನ ಹಿಂದಿರುವುದು ಫೆಲ್ಡ್‌ಹೆರ್ನ್‌ಹಾಲೆ ಎಂಬ ಸೇನಾಪತಿಗಳ ಮಂಟಪ. 1841ರಿಂದ 1844ರವರೆಗೆ ಕಟ್ಟಿದ ಇದಕ್ಕೆ ಮಾದರಿ ಫ್ಲಾರೆನ್ಸ್ ನಗರದ ಒಂದು ಹಳೆಯ ತೆರೆದ ಮಂಟಪ. ಮೂರು ಎತ್ತರವಾದ ಕಮಾನುಗಳ ಒಳಗೆ ಟಿಲ್ಲಿ ಮತ್ತು ವ್ರೇಡೆ ಎಂಬ ಇಬ್ಬರು ದಂಡನಾಯಕರ ಪ್ರತಿಮೆಗಳಿವೆ. ಮಗ್ಗುಲಲ್ಲೇ 17ನೇ ಶತಮಾನದ ತೆಯಾಟಿನ್ ದೇವಾಲಯದ ಹಳದಿ ಬಣ್ಣದ ಜೋಡಿ ಗೋಪುರಗಳು. ಲುಡ್ವಿಗ್‌ಗಿಂತ ಒಂದೂವರೆ ಶತಮಾನ ಹಿಂದಿನ ಈ ಬರೋಕ್ ದೇವಾಲಯ, ಹೊಸ ಬೀದಿಯ ಕಟ್ಟುನಿಟ್ಟಿನ ನಡುವೆ ನಗುಮುಖದ ಹಿರಿಯಜ್ಜಿಯಂತೆ ನಿಂತಿದೆ.

ಮುಂದಿನ ಚೌಕದಲ್ಲಿ ಕ್ಲೆನ್ಸೆಯವರ ಕೈಚಳಕವನ್ನು ಕಾಣಬಹುದು. ನೆಪೋಲಿಯನ್ನನ ಮಲಮಗನೂ ಲುಡ್ವಿಗ್‌ನ ಭಾವಮೈದುನನೂ ಆದ ಲಾಯ್ಷ್ಟೆನ್‌ಬೆರ್ಗ್ ಡ್ಯೂಕನಿಗಾಗಿ ರೋಮಿನ ಫರ್ನೇಸೆ ಅರಮನೆಯ ಮಾದರಿಯಲ್ಲಿ ಕಟ್ಟಿದ ಅರಮನೆಯೊಂದು ಇಲ್ಲಿದೆ. ಅದರ ಜೋಡಿಯಾಗಿ 'ಒಡೆಯೋನ್' ಎಂಬ ಸಂಗೀತ ಸಭಾಂಗಣವನ್ನು 1828ರಲ್ಲಿ ಮುಗಿಸಿದರು. ಸಮತೋಲನ ಕೆಡಬಾರದೆಂಬ ಕಾರಣಕ್ಕೆ ಸಭಾಂಗಣದ ಮುಖವೂ ಅರಮನೆಯ ಮುಖದಂತೆಯೇ ಇರಬೇಕಾಯಿತು. ಒಳಗೆ ಸಂಗೀತವಿದೆಯೆಂದು ಹೊರಗಿನಿಂದ ಯಾರಿಗೂ ತಿಳಿಯುವಂತಿರಲಿಲ್ಲ. ಹೊರಮುಖಕ್ಕೆ ಇಷ್ಟೊಂದು ಮಹತ್ವ ಕೊಟ್ಟ ಬೀದಿ ಇದು ಎಂಬುದು ನಿಮ್ಮ ನೆನಪಿನಲ್ಲಿರಲಿ.

ಈ ಚೌಕದಲ್ಲೇ ಕುದುರೆಯೇರಿ ಕುಳಿತ ಲುಡ್ವಿಗ್ ಅರಸನ ಪ್ರತಿಮೆಯೂ ಇದೆ. 1862ರಲ್ಲಿ ನಿಲ್ಲಿಸಿದ ಅದರ ಇಕ್ಕೆಲಗಳಲ್ಲಿ ಇಬ್ಬರು ಸೇವಕರು ಹಿಡಿದಿರುವ ಫಲಕಗಳ ಮೇಲೆ ಅರಸನ ಧ್ಯೇಯವಾಕ್ಯವಿದೆ: ನ್ಯಾಯನಿಷ್ಠೆ ಮತ್ತು ಛಲ.

1827ರ ಹೊತ್ತಿಗೆ ಅರಸನ ಒಲವು ಕ್ಲೆನ್ಸೆಯವರಿಂದ ಫ್ರೀಡ್ರಿಕ್ ಫಾನ್ ಗೆರ್ಟ್ನರ್ ಎಂಬ ಇನ್ನೊಬ್ಬ ವಾಸ್ತುಶಿಲ್ಪಿಯತ್ತ ಹೊರಳಿತು. ಬೀದಿಯ ಉತ್ತರಾರ್ಧ ಬಹುತೇಕ ಅವರದೇ. ಕ್ಲೆನ್ಸೆಯವರು ಇಟಲಿಯ ಪುನರುಜ್ಜೀವನ ಕಾಲದ ಅರಮನೆಗಳನ್ನು ಅನುಸರಿಸಿದರೆ, ಗೆರ್ಟ್ನರ್ ಅರ್ಧವೃತ್ತದ ಕಮಾನನ್ನು ಹಿಡಿದರು. ರೋಮನರ ಕಾಲದಿಂದ ಆದಿ ಕ್ರೈಸ್ತರ ಮತ್ತು ಮಧ್ಯಯುಗದ ದೇವಾಲಯಗಳವರೆಗೆ ಹರಿದು ಬಂದ ಆ ದುಂಡು ಕಮಾನು ಕಿಟಕಿಯಿಂದ ಕಿಟಕಿಗೆ, ಕಟ್ಟಡದಿಂದ ಕಟ್ಟಡಕ್ಕೆ ಮರುಕಳಿಸುತ್ತಾ ಬೀದಿಯ ಕೊನೆಯವರೆಗೂ ಸಾಗುತ್ತದೆ.

ಬಲಗಡೆಗೆ ಇಟ್ಟಿಗೆಯ ಉದ್ದನೆಯ ಕಟ್ಟಡವೊಂದು ಕಾಣುತ್ತದೆ. 1832ರಿಂದ 1843ರವರೆಗೆ ಕಟ್ಟಿದ, ಸುಮಾರು 150 ಮೀಟರು ಉದ್ದದ ರಾಜ್ಯ ಗ್ರಂಥಾಲಯವದು. ಸಂಗ್ರಹದ ಆರಂಭ 1558ರಷ್ಟು ಹಿಂದಿನದು. ಆದರೆ ಅದು ಹಿಗ್ಗಿದ ಬಗೆಯಲ್ಲಿ ಕ್ರೈಸ್ತರಾದ ನಮಗೆ ಒಂದು ನೋವಿನ ಅಧ್ಯಾಯವಿದೆ. 1803ರ ಸುಮಾರಿಗೆ ಬವೇರಿಯಾದ ಸರ್ಕಾರವು ಮಠಗಳನ್ನು ಮುಚ್ಚಿಸಿ ಅವುಗಳ ಆಸ್ತಿಯನ್ನು ವಶಪಡಿಸಿಕೊಂಡಾಗ, ಶತಮಾನಗಳ ಕಾಲ ಸನ್ಯಾಸಿಗಳು ಪ್ರತಿಮಾಡಿ ಕಾಪಾಡಿದ ಹಸ್ತಪ್ರತಿಗಳೂ ಗ್ರಂಥಗಳೂ ಮ್ಯೂನಿಕ್‌ಗೆ ಬಂದು ಸೇರಿದವು. ಗ್ರಂಥಾಲಯದ ಮುಂದೆ ನಾಲ್ಕು ಕಲ್ಲಿನ ಪ್ರತಿಮೆಗಳು ಕುಳಿತಿವೆ: ಇತಿಹಾಸಕಾರ ಥುಸಿಡಿಡಿಸ್, ಕವಿ ಹೋಮರ್, ತತ್ವಜ್ಞಾನಿ ಅರಿಸ್ಟಾಟಲ್, ವೈದ್ಯ ಹಿಪೊಕ್ರಾಟಿಸ್. ಅವರನ್ನು ಊರಿನ ಜನ 'ನಾಲ್ವರು ಮೂರು ರಾಯರು' ಎಂದು ತಮಾಷೆಯಾಗಿ ಕರೆಯುತ್ತಾರೆ. ಪೂರ್ವದೇಶದಿಂದ ಬಂದ ಮೂರು ರಾಯರ ಹಬ್ಬವನ್ನು ಸಡಗರದಿಂದ ಆಚರಿಸುವ ನಾಡಿನ ಹಾಸ್ಯವಿದು.

ಗ್ರಂಥಾಲಯವನ್ನು ದಾಟಿದೊಡನೆ ಲುಡ್ವಿಗ್ ದೇವಾಲಯದ ಬಿಳಿಯ ಜೋಡಿ ಗೋಪುರಗಳು ಮೇಲೇಳುತ್ತವೆ. 1829ರಲ್ಲಿ ಅಡಿಗಲ್ಲನ್ನು ಕಂಡು 1844ರಲ್ಲಿ ಪವಿತ್ರೀಕರಿಸಲಾದ ಈ ದೇವಾಲಯದ ವೆಚ್ಚವನ್ನು ಹೊರಲು ನಗರಸಭೆಗೆ ಮನಸ್ಸಿರಲಿಲ್ಲ; ಅರಸನ ಒತ್ತಾಯಕ್ಕೆ ಮಣಿಯಬೇಕಾಯಿತು. ಒಳಗೆ ಬಲಿಪೀಠದ ಹಿಂಬದಿಯ ಗೋಡೆಯನ್ನು ಪೂರ್ತಿಯಾಗಿ ಆವರಿಸಿರುವ ಭಿತ್ತಿಚಿತ್ರ ಪೀಟರ್ ಫಾನ್ ಕೊರ್ನೇಲಿಯುಸ್ ಅವರ 'ಅಂತಿಮ ತೀರ್ಪು'. ಸುಮಾರು 18 ಮೀಟರು ಎತ್ತರ, 11 ಮೀಟರು ಅಗಲದ ಈ ಚಿತ್ರವನ್ನು ಅವರು 1836ರಿಂದ 1840ರವರೆಗೆ ಬಿಡಿಸಿದರು. ಈ ಬಗೆಯ ಭಿತ್ತಿಚಿತ್ರಗಳಲ್ಲಿ ರೋಮಿನ ಸಿಸ್ಟೀನ್ ಪ್ರಾರ್ಥನಾಲಯದಲ್ಲಿರುವ ಮೈಕೆಲೇಂಜಲೊನ ಕೃತಿಯನ್ನು ಬಿಟ್ಟರೆ ಇದೇ ದೊಡ್ಡದು. ಅರಸನಿಗೆ ಇದು ಹಿಡಿಸಲಿಲ್ಲ. ಮನನೊಂದ ಕಲಾವಿದ 1841ರಲ್ಲಿ ಬರ್ಲಿನ್‌ಗೆ ಹೊರಟುಹೋದ. ಆದರೂ ಬೀದಿಯ ವೈಭವವನ್ನೆಲ್ಲ ಕಣ್ತುಂಬಿಕೊಂಡು ಒಳಗೆ ಬಂದವರನ್ನು ಎದುರುಗೊಳ್ಳುವುದು ಅಂತಿಮ ತೀರ್ಪಿನ ಚಿತ್ರವೇ. ಅರಸರೂ ಸೇನಾಪತಿಗಳೂ ಕೊನೆಗೆ ಯಾರ ಮುಂದೆ ನಿಲ್ಲಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಬೋಧನೆ ಬೇಕಿಲ್ಲ.

ಮುಂದೆ ಬೀದಿ ಅಗಲವಾಗಿ ತೆರೆದುಕೊಳ್ಳುತ್ತದೆ. ರೋಮಿನ ಸಂತ ಪೇತ್ರರ ಚೌಕದ ಕಾರಂಜಿಗಳನ್ನು ನೋಡಿ ಮಾಡಿದ ಎರಡು ಕಾರಂಜಿಗಳು ಇಬ್ಬದಿಯಲ್ಲಿವೆ. ಎಡಕ್ಕೆ ವಿಶ್ವವಿದ್ಯಾಲಯ, ಅದನ್ನು 1826ರಲ್ಲಿ ಲಾಂಡ್ಸ್‌ಹೂಟ್ ಪಟ್ಟಣದಿಂದ ಮ್ಯೂನಿಕ್‌ಗೆ ತಂದವನು ಲುಡ್ವಿಗನೇ. ಬಲಕ್ಕೆ ಜಾರ್ಜಿಯಾನುಮ್ ಎಂಬ ಗುರುಮಠ. 1494ರಲ್ಲಿ ಸ್ಥಾಪನೆಯಾದ ಇದು ಜಗತ್ತಿನ ಅತ್ಯಂತ ಹಳೆಯ ಗುರುಮಠಗಳಲ್ಲಿ ಒಂದು. ಬೀದಿಯ ಉತ್ತರದ ತುದಿಯಲ್ಲಿ ಸೀಗೆಸ್ಟೋರ್ ಎಂಬ ವಿಜಯದ್ವಾರ. ರೋಮಿನ ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಮಾನನ್ನು ಹೋಲುವ, ಮೂರು ಬಾಗಿಲುಗಳ ಈ ಕಟ್ಟಡದ ಮೇಲೆ ನಾಲ್ಕು ಸಿಂಹಗಳು ಎಳೆಯುವ ರಥದಲ್ಲಿ ಬವೇರಿಯಾ ಮಾತೆ ನಿಂತಿದ್ದಾಳೆ. ಗೆದ್ದು ಬರುವ ಸೈನ್ಯವನ್ನು ಎದುರುಗೊಳ್ಳಲೆಂದು ಆಕೆಯ ಮುಖ ಊರ ಹೊರಕ್ಕೆ, ಉತ್ತರಕ್ಕೆ ತಿರುಗಿದೆ. ಆ ಬದಿಯಲ್ಲಿ ಬವೇರಿಯಾದ ಸೇನೆಗೆ ಅರ್ಪಿತ ಎಂಬ ಬರಹವಿದೆ.

ಹೀಗೆ ಒಂದು ತುದಿಯಲ್ಲಿ ಸೇನಾಪತಿಗಳು, ಇನ್ನೊಂದು ತುದಿಯಲ್ಲಿ ವಿಜಯ; ನಡುವೆ ವಿದ್ಯೆ, ಕಲೆ, ಭಕ್ತಿ. ಅರಸನ ಲೆಕ್ಕದಲ್ಲಿ ಇದೊಂದು ಪರಿಪೂರ್ಣ ವಾಕ್ಯವಾಗಿತ್ತು.

ವಾಕ್ಯ ಮುರಿದುಬಿದ್ದ ಬಗೆ

ಮೊದಲ ಬಿರುಕು ಅರಸನ ಜೀವನದಲ್ಲೇ ಕಾಣಿಸಿತು. ಮುಚ್ಚಿಹೋಗಿದ್ದ ಬೆನೆಡಿಕ್ಟಿನ್ ಮಠಗಳಿಗೆ ಮರುಜೀವ ಕೊಟ್ಟ, 1838ರಲ್ಲಿ ಏಷ್ಯಾ ಮತ್ತು ಅಮೆರಿಕಗಳ ಧರ್ಮಪ್ರಚಾರಕ್ಕೆ ನೆರವಾಗಲು ತನ್ನ ಹೆಸರಿನ ಸಂಘ ಹುಟ್ಟಲು ಕಾರಣನಾದ ಈ ಕಥೋಲಿಕ ಅರಸ, ವೃದ್ಧಾಪ್ಯದಲ್ಲಿ ಲೋಲಾ ಮೊಂಟೆಸ್ ಎಂಬ ನರ್ತಕಿಯ ಮೋಹಕ್ಕೆ ಬಿದ್ದ. ವಿದ್ಯಾರ್ಥಿಗಳು ಪ್ರತಿಭಟಿಸಿದಾಗ 1848ರ ಫೆಬ್ರವರಿಯಲ್ಲಿ ತಾನೇ ತಂದ ವಿಶ್ವವಿದ್ಯಾಲಯವನ್ನು ಮುಚ್ಚಿಸಲು ಹೊರಟ. ಊರೇ ಸಿಡಿದೆದ್ದಿತು. ಅದೇ ವರ್ಷ ಮಾರ್ಚ್ 20ರಂದು ಸಿಂಹಾಸನವನ್ನು ಮಗನಿಗೆ ಬಿಟ್ಟು ಇಳಿದ. ಗೆರ್ಟ್ನರ್ ಆಗಲೇ ತೀರಿಕೊಂಡಿದ್ದರು. ವಿಜಯದ್ವಾರ ಪೂರ್ಣವಾಗುವ ವೇಳೆಗೆ ಅದನ್ನು ಕಟ್ಟಿಸಿದವನು ಸೋತ ಅರಸನಾಗಿದ್ದ!

ಎರಡನೆಯ ಬಿರುಕು ಇದಕ್ಕಿಂತ ಭೀಕರವಾದುದು. 1923ರ ನವೆಂಬರ್ 9ರಂದು ಹಿಟ್ಲರನೂ ಅವನ ಸುಮಾರು ಎರಡು ಸಾವಿರ ಬೆಂಬಲಿಗರೂ ಅಧಿಕಾರವನ್ನು ಕಿತ್ತುಕೊಳ್ಳಲು ಮ್ಯೂನಿಕ್ ನಗರದಲ್ಲಿ ಮೆರವಣಿಗೆ ಹೊರಟರು. ಅವರ ಕಡೆಯ ಒಂದು ಪಡೆ ಲುಡ್ವಿಗ್ ಬೀದಿಯ ಯುದ್ಧ ಸಚಿವಾಲಯವನ್ನು ಆಗಲೇ ಹಿಡಿದುಕೊಂಡಿತ್ತು. ಸೇನಾಪತಿಗಳ ಮಂಟಪದ ಬಳಿ ಪೊಲೀಸರು ಮೆರವಣಿಗೆಯನ್ನು ತಡೆದಾಗ ಗುಂಡು ಹಾರಿತು. ನಾಲ್ವರು ಪೊಲೀಸರೂ ಹಿಟ್ಲರನ ಕಡೆಯ ಹತ್ತಕ್ಕೂ ಹೆಚ್ಚು ಮಂದಿಯೂ ಸತ್ತರು. ಹಿಟ್ಲರ್ ಅಂದು ಸೋತ. ಆದರೆ 1933ರಲ್ಲಿ ಅಧಿಕಾರಕ್ಕೆ ಬಂದೊಡನೆ ಆ ಮಂಟಪದ ಪಕ್ಕದಲ್ಲಿ ತನ್ನ ಕಡೆ ಸತ್ತವರಿಗಾಗಿ ಸ್ಮಾರಕವನ್ನು ನಿಲ್ಲಿಸಿ, ಹಗಲಿರುಳು ಕಾವಲಿಟ್ಟ. ಆ ದಾರಿಯಲ್ಲಿ ಹೋಗುವವರೆಲ್ಲರೂ ಬಲಗೈ ಎತ್ತಿ ನಾಜಿ ವಂದನೆ ಸಲ್ಲಿಸಲೇಬೇಕೆಂಬ ಕಟ್ಟಳೆಯಾಯಿತು.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿ. ಮಂಟಪದ ಹಿಂಬದಿಯಲ್ಲಿ ವಿಸ್ಕಾರ್ಡಿ ಓಣಿ ಎಂಬ ಕಿರಿದಾದ ದಾರಿಯೊಂದಿದೆ. ಕೈ ಎತ್ತಲು ಒಪ್ಪದ ಜನ ಸ್ಮಾರಕದ ಮುಂದೆ ಹಾಯದೆ ಈ ಓಣಿಯಲ್ಲಿ ತಿರುಗಿ ರಾಜಬೀದಿಯ ಚೌಕವನ್ನು ಸೇರುತ್ತಿದ್ದರು. ಜನರ ಬಾಯಲ್ಲಿ ಅದಕ್ಕೆ 'ನುಣುಚಿಕೊಳ್ಳುವವರ ಓಣಿ' ಎಂಬ ಹೆಸರು ಬಿತ್ತು. ಕೆಲವೇ ಹೆಜ್ಜೆಗಳ ದಾರಿ. ಅದನ್ನು ಹಿಡಿದವರಲ್ಲಿ ಬಹುಮಂದಿ ವೀರರೇನೂ ಅಲ್ಲ. ಆದರೂ ಅಗಲವಾದ ದಾರಿಯನ್ನು ಬಿಟ್ಟು ಇಕ್ಕಟ್ಟಾದ ದಾರಿಯನ್ನು ಹಿಡಿಯುವುದೆಂದರೇನೆಂದು ಪ್ರಭು ಗುಡ್ಡದ ಮೇಲೆ ಬೋಧಿಸಿದ್ದನ್ನು ನೆನೆದಾಗಲೆಲ್ಲ ನನ್ನ ಕಣ್ಣಮುಂದೆ ಈ ಓಣಿ ಬರುತ್ತದೆ. 1995ರಿಂದ ಅದರ ನೆಲಗಲ್ಲುಗಳ ನಡುವೆ ಕಂಚಿನ ಕಲ್ಲುಗಳ ಬಳುಕುವ ಗೆರೆಯೊಂದನ್ನು ಹಾಸಲಾಗಿದೆ. ಹೆಸರಿಲ್ಲದ ಆ ಕಾಲುಗಳ ನೆನಪಿಗೆ ಇರುವುದು ಅಷ್ಟೇ.

ನಾಜಿಗಳು ಬೀದಿಯನ್ನು ಮೆಚ್ಚಿದರು, ಜೊತೆಗೆ ಕೆಡಿಸಿದರು. ಮುಂದೆ ಆಸ್ಟ್ರಿಯಾದ ಸಾಮ್ರಾಜ್ಞಿಯಾದ ಎಲಿಸಬೆತ್ 1837ರಲ್ಲಿ ಹುಟ್ಟಿದ, ಕ್ಲೆನ್ಸೆಯವರೇ ಕಟ್ಟಿದ ಅರಮನೆಯನ್ನು ಸರ್ಕಾರಿ ಬ್ಯಾಂಕಿಗಾಗಿ 1930ರ ದಶಕದ ಕೊನೆಯಲ್ಲಿ ನೆಲಸಮ ಮಾಡಿದರು. ಇತ್ತ ಮ್ಯೂನಿಕ್‌ನಿಂದ ಹೆಚ್ಚು ದೂರವಿಲ್ಲದ ಡಾಕೌ ಬಂಧನ ಶಿಬಿರ 1933ರ ಮಾರ್ಚ್ ತಿಂಗಳಲ್ಲೇ ಆರಂಭವಾಗಿತ್ತು. 2,500ಕ್ಕೂ ಹೆಚ್ಚು ಧರ್ಮಗುರುಗಳು ಆ ಶಿಬಿರದ ಸೆರೆಯನ್ನು ಕಂಡರು. ರಾಜಬೀದಿಯ ಗೋಡೆಗಳು ಮಾತ್ರ ಎಂದಿನಂತೆ ಸುಂದರವಾಗಿಯೇ ಇದ್ದವು.

ಗೋಡೆಯ ಮೇಲೊಂದು ಪದ

ಆ ಸುಂದರ ಗೋಡೆಗಳ ಮೇಲೆ 1943ರ ಫೆಬ್ರವರಿ ತಿಂಗಳ ಮೂರು ರಾತ್ರಿಗಳಲ್ಲಿ ಡಾಂಬರು ಮತ್ತು ಬಣ್ಣದ ಅಕ್ಷರಗಳು ಮೂಡಿದವು. ಹಿಟ್ಲರನಿಗೆ ಧಿಕ್ಕಾರ ಎಂದು ಕೆಲವೆಡೆ, 'ಸ್ವಾತಂತ್ರ್ಯ' ಎಂಬ ಒಂದೇ ಪದ ಇನ್ನು ಕೆಲವೆಡೆ. ಬರೆದವರು ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾರ್ಥಿಗಳಾದ ಹಾನ್ಸ್ ಶೋಲ್, ಅಲೆಕ್ಸಾಂಡರ್ ಶ್ಮೊರೆಲ್ ಮತ್ತು ವಿಲ್ಲಿ ಗ್ರಾಫ್. 'ಬಿಳಿ ಗುಲಾಬಿ' ಎಂಬ ಹೆಸರಿನಲ್ಲಿ 1942ರ ಬೇಸಿಗೆಯಿಂದ ಗುಟ್ಟಾಗಿ ಕರಪತ್ರಗಳನ್ನು ಹಂಚುತ್ತಿದ್ದ ಗೆಳೆಯರ ಬಳಗ ಇವರದು.

ಅವರನ್ನು ಒಟ್ಟುಗೂಡಿಸಿದ್ದರಲ್ಲಿ ವಿಶ್ವಾಸದ ಪಾಲು ದೊಡ್ಡದು. ಹಾನ್ಸ್ ಮತ್ತು ಅವನ ತಂಗಿ ಸೋಫಿ ಲುಥೆರನ್ ಸಭೆಯವರು. ವಿಲ್ಲಿ ಗ್ರಾಫ್ ಕಥೋಲಿಕ. ಶ್ಮೊರೆಲ್ ಆರ್ಥೊಡಾಕ್ಸ್ ಸಭೆಯವನು. ಮನೋವೈಕಲ್ಯವುಳ್ಳವರನ್ನು ಸರ್ಕಾರವೇ ಕೊಲ್ಲಿಸುತ್ತಿದ್ದುದನ್ನು 1941ರಲ್ಲಿ ಬಲಿಪೀಠದಿಂದಲೇ ಖಂಡಿಸಿದ ಮ್ಯೂನ್‌ಸ್ಟರಿನ ಧರ್ಮಾಧ್ಯಕ್ಷ ಫಾನ್ ಗಾಲೆನ್ ಅವರ ಪ್ರಬೋಧನೆಯ ಪ್ರತಿ ಹಾನ್ಸ್‌ನ ಕೈಸೇರಿ ಅವನ ಮನಸ್ಸನ್ನು ಕಲಕಿತ್ತು. ಯಾರಾದರೊಬ್ಬರು ಬಾಯಿ ತೆರೆದರಲ್ಲ ಎಂಬ ಸಮಾಧಾನ ಅವನಿಗೆ ಅದರಿಂದ ದೊರೆಯಿತು. ಒಬ್ಬ ಧರ್ಮಾಧ್ಯಕ್ಷರ ದನಿ ಎಲ್ಲೋ ದೂರದ ಯುವಕನಿಗೆ ಧೈರ್ಯ ಕೊಟ್ಟ ಈ ಸಂಗತಿಯನ್ನು ನಾವು ಮರೆಯಬಾರದು.

1943ರ ಫೆಬ್ರವರಿ 18, ಗುರುವಾರ. ಹಾನ್ಸ್ ಮತ್ತು ಸೋಫಿ ಸೂಟ್‌ಕೇಸಿನಲ್ಲಿ ಕರಪತ್ರಗಳನ್ನು ತುಂಬಿಕೊಂಡು ವಿಶ್ವವಿದ್ಯಾಲಯದೊಳಗೆ ಬಂದರು. ಪಾಠ ನಡೆಯುತ್ತಿದ್ದ ಕೊಠಡಿಗಳ ಮುಂದೆ ಅವನ್ನು ಇಟ್ಟರು. ಉಳಿದ ಕಟ್ಟನ್ನು ಸೋಫಿ ಮೇಲಂತಸ್ತಿನ ಕಟಾಂಜನದಿಂದ ಕೆಳಗಿನ ಅಂಗಣಕ್ಕೆ ತಳ್ಳಿದಳು. ಬೆಳಕಿನ ಅಂಗಣವೆಂದು ಕರೆಯುವ, ಗಾಜಿನ ಮಾಡಿನ ಆ ಸಭಾಂಗಣದಲ್ಲಿ ಹಾಳೆಗಳು ತೇಲುತ್ತಾ ಇಳಿದವು. ಕಾವಲುಗಾರನೊಬ್ಬ ಕಂಡು ಹಿಡಿದುಕೊಟ್ಟ. ಫೆಬ್ರವರಿ 22ರಂದು ವಿಚಾರಣೆ, ಅಂದೇ ಮರಣದಂಡನೆ, ಅಂದೇ ಸಂಜೆ ಶಿರಚ್ಛೇದ. ಸೋಫಿಗೆ 21 ವರ್ಷ, ಹಾನ್ಸ್‌ಗೆ 24. ಅವರೊಂದಿಗೆ ಪ್ರಾಣಕೊಟ್ಟ ಕ್ರಿಸ್ಟೋಫ್ ಪ್ರೋಬ್ಸ್ಟ್ ಮೂರು ಮಕ್ಕಳ ತಂದೆ. 23 ವರ್ಷದ ಆತ ಸಾವಿಗೆ ಮುನ್ನ ಸೆರೆಮನೆಯಲ್ಲೇ ಕಥೋಲಿಕ ಗುರುವಿನಿಂದ ದೀಕ್ಷಾಸ್ನಾನ ಪಡೆದ. ಅದೇ ವರ್ಷ ಶ್ಮೊರೆಲ್, ಪ್ರಾಧ್ಯಾಪಕ ಕುರ್ಟ್ ಹೂಬರ್ ಮತ್ತು ವಿಲ್ಲಿ ಗ್ರಾಫ್ ಅವರನ್ನೂ ಕೊಲ್ಲಲಾಯಿತು. ಶ್ಮೊರೆಲ್‌ನನ್ನು 2012ರಲ್ಲಿ ರಷ್ಯದ ಹೊರಗಿನ ರಷ್ಯನ್ ಆರ್ಥೊಡಾಕ್ಸ್ ಸಭೆ ಸಂತನೆಂದು ಘೋಷಿಸಿತು.

ಅರಸನು ತಂದ ವಿಶ್ವವಿದ್ಯಾಲಯದ ಎದುರಿನ ಕಾರಂಜಿಗಳ ಚೌಕಗಳಿಗೆ 1946ರಲ್ಲಿ ಹೊಸ ಹೆಸರುಗಳನ್ನಿಡಲಾಯಿತು: ಒಂದು ಬದಿಗೆ ಶೋಲ್ ಒಡಹುಟ್ಟಿದವರದು, ಇನ್ನೊಂದು ಬದಿಗೆ ಪ್ರಾಧ್ಯಾಪಕ ಹೂಬರ್ ಅವರದು. ಇಂದು ಅಲ್ಲಿಗೆ ಹೋದರೆ ನೆಲವನ್ನು ನೋಡಿಕೊಂಡು ನಡೆಯಬೇಕು. ಯಾರೋ ಈಗಷ್ಟೇ ಕೈಜಾರಿ ಬೀಳಿಸಿಹೋದಂತೆ ಕರಪತ್ರಗಳ ಪ್ರತಿರೂಪಗಳನ್ನು ನೆಲಗಲ್ಲುಗಳ ನಡುವೆ ಹುದುಗಿಸಿದ್ದಾರೆ. ಬೀದಿಯ ಉದ್ದಕ್ಕೂ ತಲೆಯೆತ್ತಿ ನೋಡಿ ಬಂದವರು ಇಲ್ಲಿ ತಲೆತಗ್ಗಿಸಬೇಕಾಗುತ್ತದೆ.

ಮುಚ್ಚದೆ ಉಳಿಸಿದ ಗಾಯ

ಮಹಾಯುದ್ಧದ ಬಾಂಬುಗಳು ಲುಡ್ವಿಗ್ ಬೀದಿಯನ್ನೂ ಬಿಡಲಿಲ್ಲ. ಗ್ರಂಥಾಲಯ 1943ರ ದಾಳಿಯಲ್ಲಿ ಉರಿದು ಲಕ್ಷಾಂತರ ಗ್ರಂಥಗಳು ಬೂದಿಯಾದವು. ಒಡೆಯೋನ್ ಸಭಾಂಗಣ 1944ರಲ್ಲಿ ನಾಶವಾಯಿತು. ವಿಶ್ವವಿದ್ಯಾಲಯವೂ ಗುರುಮಠವೂ ಹಾಳಾದವು. ಮುಂದೆ ಹದಿನಾರನೆಯ ಬೆನೆಡಿಕ್ಟ್ ಎಂಬ ಹೆಸರಿನಿಂದ ಜಗದ್ಗುರುವಾದ ಜೋಸೆಫ್ ರಾಟ್ಸಿಂಗರ್ 1947ರಲ್ಲಿ ಜಾರ್ಜಿಯಾನುಮ್ ಸೇರಿದಾಗ ಗುರುಮಠದ ಕಟ್ಟಡ ವಾಸಕ್ಕೆ ಯೋಗ್ಯವಾಗಿರಲಿಲ್ಲ. ನಗರದಂಚಿನ ಹಳೆಯ ಅರಮನೆಯೊಂದರಲ್ಲಿ ಪಾಠಗಳು ನಡೆಯುತ್ತಿದ್ದವು. 1945ರಲ್ಲಿ ಯುದ್ಧ ಮುಗಿದ ಹೊಸದರಲ್ಲೇ ಸೇನಾಪತಿಗಳ ಮಂಟಪದ ಗೋಡೆಯ ಮೇಲೆ ಯಾರೋ ಡಾಕೌ, ಬೂಕೆನ್‌ವಾಲ್ಡ್ ಶಿಬಿರಗಳ ಹೆಸರು ಬರೆದು, ಜರ್ಮನನಾಗಿರಲು ನನಗೆ ನಾಚಿಕೆಯಾಗುತ್ತಿದೆ ಎಂಬ ಅರ್ಥದ ಮಾತನ್ನು ದೊಡ್ಡ ಅಕ್ಷರಗಳಲ್ಲಿ ಸೇರಿಸಿದರು. ಹೊರಮುಖಕ್ಕಾಗಿಯೇ ಕಟ್ಟಿದ ಬೀದಿ ಅಂದು ತನ್ನೊಳಗನ್ನು ತೆರೆದು ತೋರಿಸಿತು.

ವಿಜಯದ್ವಾರ ಅರ್ಧ ಕುಸಿದು ನಿಂತಿತ್ತು. ಅದನ್ನು ಪೂರ್ತಿ ಕೆಡವಬೇಕೋ, ಮೊದಲಿದ್ದಂತೆಯೇ ಹೊಸದಾಗಿ ಮಾಡಬೇಕೋ ಎಂಬ ಪ್ರಶ್ನೆ ಬಂದಾಗ ಮ್ಯೂನಿಕ್‌ನ ಜನ ಮೂರನೆಯ ದಾರಿಯನ್ನು ಹಿಡಿದರು. ಕಮಾನನ್ನು ಎತ್ತಿ ನಿಲ್ಲಿಸಿದರು. ಆದರೆ ಊರಿನ ಕಡೆಗಿರುವ ದಕ್ಷಿಣದ ಮೇಲ್ಭಾಗದಲ್ಲಿ ಉದುರಿಹೋದ ಶಿಲ್ಪಗಳನ್ನು ಮತ್ತೆ ಕೆತ್ತಿಸಲಿಲ್ಲ. 1958ರಲ್ಲಿ ಕೆಲಸ ಮುಗಿದಾಗ ಆ ಜಾಗ ಬೋಳು ಗೋಡೆಯಾಗಿಯೇ ಉಳಿಯಿತು. ಅದರ ಮೇಲೆ ಲೇಖಕ ವಿಲ್ಹೆಲ್ಮ್ ಹೌಸೆನ್‌ಸ್ಟೈನ್ ರಚಿಸಿದ ಚಿಕ್ಕ ಬರಹವನ್ನು ಕೆತ್ತಿದರು. ವಿಜಯಕ್ಕೆ ಅರ್ಪಿತವಾದದ್ದು, ಯುದ್ಧದಿಂದ ನಾಶವಾದದ್ದು, ಶಾಂತಿಗಾಗಿ ಎಚ್ಚರಿಸುವಂಥದ್ದು ಎಂಬುದು ಅದರ ತಾತ್ಪರ್ಯ. ಗಮನಿಸಿ: ಸೇನೆಯ ಬಿರುದು ಇಂದಿಗೂ ಹೊರಗಿನಿಂದ ಬರುವವರ ಕಡೆಗಿದೆ; ಎಚ್ಚರಿಕೆಯ ಮಾತು ಊರಿನವರ ಕಡೆಗೇ ಮುಖಮಾಡಿದೆ.

ಇದೇ ಬೀದಿಯ ದೇವಾಲಯದಲ್ಲಿ ಯುದ್ಧಾನಂತರದ ವರ್ಷಗಳಲ್ಲಿ ರೊಮಾನೋ ಗ್ವಾರ್ದಿನಿ ಎಂಬ ಗುರುಗಳು ವಿಶ್ವವಿದ್ಯಾಲಯದ ಸಮುದಾಯಕ್ಕೆ ಪ್ರಬೋಧನೆ ಮಾಡುತ್ತಿದ್ದರು. ನಾಜಿಗಳು ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಅವರ ಪೀಠವನ್ನು 1939ರಲ್ಲಿ ಕಿತ್ತುಕೊಂಡಿದ್ದರು. 1948ರಿಂದ ಮ್ಯೂನಿಕ್‌ನಲ್ಲಿ ಪಾಠ ಹೇಳಿದ ಅವರು 1968ರಲ್ಲಿ ತೀರಿಕೊಂಡರು. ಅವರ ಸಮಾಧಿ ಈಗ ಲುಡ್ವಿಗ್ ದೇವಾಲಯದೊಳಗೆ ಇದೆ. ಭಯ ಮತ್ತು ಸುಳ್ಳಿನಲ್ಲಿ ಬೆಳೆದಿದ್ದ ಒಂದು ಇಡೀ ಪೀಳಿಗೆ ಅವರ ಮಾತಿಗೆ ಕಿವಿಗೊಟ್ಟಿತು. ಕಟ್ಟಡಗಳಂತೆ ಮನಸ್ಸುಗಳನ್ನೂ ಮತ್ತೆ ಕಟ್ಟಬೇಕಿದ್ದ ಕಾಲವದು.

ನಮಗೊಂದು ಪ್ರಶ್ನೆ

ಪ್ರಿಯ ಓದುಗರೇ, ಪುನರುತ್ಥಾನದ ಪ್ರಭುವಿನ ಮಹಿಮಾಶರೀರದಲ್ಲಿ ಮೊಳೆಗಳ ಗುರುತು ಏಕೆ ಉಳಿಯಿತು ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ಮರಣವನ್ನೇ ಗೆದ್ದವರಿಗೆ ಗಾಯದ ಕಲೆಯನ್ನು ಅಳಿಸುವುದು ಕಷ್ಟವಾಗಿರಲಿಲ್ಲ. ಆದರೂ ನಮ್ಮ ನಾಡಿಗೆ ಶುಭಸಂದೇಶವನ್ನು ತಂದ ತೋಮರಿಗೆ ಅವರು ತೋರಿಸಿದ್ದು ಆ ಗಾಯಗಳನ್ನೇ. ತೋಮರ ವಿಶ್ವಾಸ ಹುಟ್ಟಿದ್ದು ಗಾಯಗಳನ್ನು ಕಂಡಾಗಲೇ. ಮ್ಯೂನಿಕ್‌ನ ಕಮಾನನ್ನು ದುರಸ್ತಿ ಮಾಡಿದವರ ಮನಸ್ಸಿನಲ್ಲಿ ಈ ಘಟನೆ ಇತ್ತೆಂದು ನಾನು ಹೇಳುತ್ತಿಲ್ಲ. ಆದರೆ ಆ ಬೋಳು ಗೋಡೆಯ ಮುಂದೆ ನಿಂತ ಕ್ರೈಸ್ತನಿಗೆ ಇದು ಹೊಳೆಯದೆ ಇರದು.

ನಾವು ನಮ್ಮ ಧರ್ಮಕೇಂದ್ರಗಳ, ಸಂಸ್ಥೆಗಳ, ಮನೆತನಗಳ ಇತಿಹಾಸವನ್ನು ಬರೆಯುವಾಗ ಏನು ಮಾಡುತ್ತೇವೆ? ಶತಮಾನೋತ್ಸವದ ಸಂಚಿಕೆಗಳನ್ನು ತೆರೆದು ನೋಡಿ. ಅಡಿಗಲ್ಲು, ಗೋಪುರ, ಗಂಟೆ, ದಾನಿಗಳ ಭಾವಚಿತ್ರ ಎಲ್ಲವೂ ಇರುತ್ತವೆ. ನಮ್ಮವರು ನಮ್ಮವರನ್ನೇ ಜಾತಿಯ ಕಾರಣದಿಂದ ಹಿಂದಿನ ಬೆಂಚಿಗೆ ತಳ್ಳಿದ್ದು, ಹೇಳಬೇಕಾದಾಗ ಬಾಯಿ ಮುಚ್ಚಿಕೊಂಡದ್ದು, ನಂಬಿ ಬಂದ ಚಿಕ್ಕವರನ್ನು ಕಾಯದೆ ಹೋದದ್ದು, ಇವಕ್ಕೆ ಒಂದು ಸಾಲಿನ ಜಾಗವೂ ಇರುವುದಿಲ್ಲ. ಗೋಡೆಗೆ ಸುಣ್ಣ ಬಳಿದು ಗಾಯ ವಾಸಿಯಾಯಿತೆಂದುಕೊಳ್ಳುತ್ತೇವೆ. ಜರ್ಮನಿಯ ಧರ್ಮಾಧ್ಯಕ್ಷರು ಯುದ್ಧ ಮುಗಿದು 75 ವರ್ಷಗಳಾದ 2020ರಲ್ಲಿ, ತಮ್ಮ ಹಿಂದಿನವರು ಆ ಯುದ್ಧಕ್ಕೆ ಸ್ಪಷ್ಟವಾಗಿ ಇಲ್ಲವೆನ್ನದೆ ಅದರಲ್ಲಿ ಪಾಲುಗಾರರಾದರು ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಧರ್ಮಸಭೆಯ ಗೌರವ ಅದರಿಂದ ಕುಂದಿತೇ? ನನಗೆ ಹಾಗನಿಸುವುದಿಲ್ಲ. ಗಾಲೆನ್ ಅವರಂತಹವರ ದನಿಗೆ ಎಷ್ಟು ಬೆಲೆಯಿತ್ತೆಂಬುದು ಉಳಿದವರ ಮೌನವನ್ನು ಒಪ್ಪಿಕೊಂಡಾಗಲೇ ಸರಿಯಾಗಿ ತಿಳಿಯುವುದು.

ಲುಡ್ವಿಗ್ ಅರಸನು ತನ್ನ ಬೀದಿಯನ್ನು ವಿಜಯದ್ವಾರದಲ್ಲಿ ಕೊನೆಗೊಳಿಸಿದ. ಕಾಲವು ಅದನ್ನು ಶಾಂತಿಯ ದ್ವಾರವಾಗಿ ಮಾಡಿತು. ಮುಂದೊಂದು ದಿನ ನೀವು ಆ ಬೀದಿಗೆ ಹೋಗುವ ಅವಕಾಶ ಒದಗಿದರೆ ಕಟ್ಟಡಗಳ ಚೆಲುವನ್ನು ಧಾರಾಳವಾಗಿ ಸವಿಯಿರಿ. ಮನುಷ್ಯರ ಕೈಗಳಿಗೆ ಅಂತಹ ಚೆಲುವನ್ನು ಕಟ್ಟುವ ಶಕ್ತಿಯನ್ನು ಕೊಟ್ಟವರು ದೇವರೇ. ಆದರೆ ಹೊರಡುವ ಮುನ್ನ ಮೂರು ಕಡೆ ನಿಲ್ಲಿ: ಕಂಚಿನ ಗೆರೆಯಿರುವ ಆ ಕಿರುದಾರಿಯಲ್ಲಿ, ಕರಪತ್ರಗಳು ಚೆಲ್ಲಿರುವ ನೆಲದ ಮೇಲೆ, ಬೋಳು ಗೋಡೆಯ ಕಮಾನಿನ ಕೆಳಗೆ. ಅಲ್ಲಿಗೆ ಹೋಗಲಾಗದ ನಮ್ಮಂತಹವರಿಗೂ ನಿಲ್ಲಬೇಕಾದ ಸ್ಥಳಗಳು ನಮ್ಮ ಊರುಗಳಲ್ಲೇ ಇವೆ. ನಮ್ಮ ದೇವಾಲಯದ ಮುಂದಿನ ಬೀದಿಯಲ್ಲಿ ಯಾರು ನಡೆದರು, ಯಾರನ್ನು ನಡೆಯಗೊಡಲಿಲ್ಲ ಎಂದು ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಅವರ ಉತ್ತರ ನಮ್ಮ ಮುಂದಿನ ಉತ್ಸವ ಸಂಚಿಕೆಯ ಮೊದಲ ಪುಟದಲ್ಲಿ ಅಚ್ಚಾಗಲಿ.